ಪದಚರ್ಚೆ: ‘ಗೌಪ್ಯತಾ ನೀತಿ’ಯೋ ‘ಖಾಸಗಿತನ ನೀತಿ’ಯೋ? ‘ಸಂಗ್ರಹಿಸು’ ಎಂದರೆ ಏನು?

ಪ್ರಶ್ನೆ:
ಮಾನ್ಯರೇ, ಜಾಲತಾಣಕ್ಕೆ ಬರುವವರ ಮಾಹಿತಿಯನ್ನು ಏನು ಮಾಡುತ್ತೇವೆಂದು ತಿಳಿಸುವ ಪುಟವನ್ನು ಕನ್ನಡದಲ್ಲಿ ಬರೆಯಬೇಕಿದೆ. ಎಲ್ಲೆಡೆ ಕಾಣುವುದು ‘ಗೌಪ್ಯತಾ ನೀತಿ’. ‘ಖಾಸಗಿತನ’ ಎಂದರೆ ಖಾಸಗಿ ಬಸ್ಸು, ಖಾಸಗಿ ಶಾಲೆ ನೆನಪಾಗುತ್ತದೆ ಎನ್ನುವವರಿದ್ದಾರೆ. ಯಾವುದು ಸರಿ? ‘ಕಲೆಕ್ಟ್’, ‘ಸ್ಟೋರ್’ ಎರಡಕ್ಕೂ ‘ಸಂಗ್ರಹಿಸು’ ಸಾಕೇ?

ಉತ್ತರ 1:
‘ಖಾಸಗಿತನ’ವೇ ಸರಿ. ಮಂತ್ರಿಗಳು ‘ಅಧಿಕಾರ ಮತ್ತು ಗೋಪ್ಯತೆ’ಯ ಪ್ರಮಾಣವಚನ ತೆಗೆದುಕೊಳ್ಳುತ್ತಾರಲ್ಲ, ಅಲ್ಲಿ ಗೋಪ್ಯತೆ ಎಂದರೆ ತಿಳಿದದ್ದನ್ನು ಹೊರಗೆ ಬಿಡದಿರುವುದು. ಅದು ಗುಟ್ಟು ಕಾಯುವವರ ಹೊಣೆ. ಖಾಸಗಿತನ ಮಾಹಿತಿ ಯಾರದೋ ಅವರ ಹಕ್ಕು. 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಮೂಲಭೂತ ಹಕ್ಕೆಂದು ಸಾರಿದ್ದು ಇದನ್ನೇ. ಖಾಸಗಿ ಬಸ್ಸಿನ ಗೊಂದಲ ‘ಖಾಸಗಿ’ ಒಂಟಿಯಾಗಿದ್ದಾಗ ಮಾತ್ರ. ‘ತನ’ ಸೇರಿದ ಮೇಲೆ ಉಳಿಯುವುದಿಲ್ಲ.

‘ಗೌಪ್ಯತೆ’ಗೆ ವ್ಯಾಕರಣದ ತೊಡಕೂ ಇದೆ. ‘ಗೋಪ್ಯ’ದ ಭಾವನಾಮ ‘ಗೋಪ್ಯತೆ’ ಅಥವಾ ‘ಗೌಪ್ಯ’. ‘ಗೌಪ್ಯತೆ’ಯಲ್ಲಿ ಎರಡೂ ಪ್ರತ್ಯಯ ಬಿದ್ದಿವೆ, ‘ಐಕ್ಯತೆ’, ‘ಸೌಜನ್ಯತೆ’ಗಳ ಹಾಗೆ.

ನಿಮ್ಮ ಎರಡನೆಯ ಪ್ರಶ್ನೆ ಇನ್ನೂ ಮುಖ್ಯ. ‘ಸಂಗ್ರಹಿಸು’ ಸಾಲದು. ಪುಟ ತೆರೆದವರ ಐಪಿ ವಿಳಾಸ (ಅಂತರಜಾಲದಲ್ಲಿ ಅವರ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಸರ್ವರಿಗೆ, ಅಂದರೆ ಜಾಲತಾಣವನ್ನು ಒದಗಿಸುವ ಕಂಪ್ಯೂಟರಿಗೆ, ಬರಲೇಬೇಕು, ಇಲ್ಲವಾದರೆ ಪುಟವನ್ನು ಎಲ್ಲಿಗೆ ಕಳಿಸುವುದು? ಬಂದದ್ದನ್ನು ಲಾಗ್ ಕಡತದಲ್ಲಿ (ಭೇಟಿಗಳ ದಾಖಲೆಯಲ್ಲಿ) ಉಳಿಸಿಕೊಳ್ಳುವುದು ಬೇರೆಯದೇ ತೀರ್ಮಾನ. ‘ಐಪಿ ವಿಳಾಸವನ್ನು ಸಂಗ್ರಹಿಸುವುದಿಲ್ಲ’ ಎಂದು ಬರೆದರೆ ಬರುವುದೇ ಇಲ್ಲವೆಂದೋ, ಬಂದರೂ ಇಡುವುದಿಲ್ಲವೆಂದೋ ಓದುಗರಿಗೆ ತಿಳಿಯದು. ‘ಪಡೆಯುತ್ತೇವೆ’, ‘ಇಟ್ಟುಕೊಳ್ಳುತ್ತೇವೆ’ ಎಂದು ಬಿಡಿಸಿ ಬರೆಯಿರಿ:

‘ನೀವು ಪುಟ ತೆರೆದಾಗ ನಿಮ್ಮ ಐಪಿ ವಿಳಾಸ ನಮ್ಮ ಸರ್ವರಿಗೆ ಬರುತ್ತದೆ. ಅದನ್ನು 14 ದಿನ ಇಟ್ಟುಕೊಂಡು ಆಮೇಲೆ ಅಳಿಸುತ್ತೇವೆ.’

ಬ್ಯಾಕಪ್ ಪ್ರತಿಗಳಲ್ಲಿ ಅದೇ ಲಾಗ್ ಇನ್ನೂ 30 ದಿನ ಉಳಿಯುವಂತಿದ್ದರೆ ಈ ‘ಅಳಿಸುತ್ತೇವೆ’ ಸುಳ್ಳಾಗುತ್ತದೆ. ಆ ದಿನಗಳನ್ನೂ ಹೇಳಬೇಕು.

ಉತ್ತರ 2:
ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಸೇರಿಸಬೇಕಾದ ಪದ ‘ಅನಾಮಧೇಯ’. ಹೆಸರಿಲ್ಲದಿದ್ದರೆ ಸಾಕು, ಗುರುತು ಸಿಗುವುದಿಲ್ಲ ಎಂಬ ಭಾವನೆಯನ್ನು ಇದು ಹುಟ್ಟಿಸುತ್ತದೆ. 203.0.113.57 ಎಂಬ ಐಪಿ ವಿಳಾಸದಲ್ಲಿ ಕೊನೆಯ ಚುಕ್ಕಿಯ ನಂತರದ ಸಂಖ್ಯೆಯನ್ನು (57) ಸೊನ್ನೆ ಮಾಡಿದರೆ 256 ವಿಳಾಸಗಳ ಗುಂಪಿಗೆ ಸೇರುತ್ತದೆ, ಪೂರ್ತಿ ಅಳಿಯುವುದಿಲ್ಲ. ಇಮೇಲನ್ನು ಹ್ಯಾಶ್ ಮಾಡಿಟ್ಟರೂ (ಒಂದು ಲೆಕ್ಕಾಚಾರದಿಂದ ಅರ್ಥವಾಗದ ಅಕ್ಷರಗಳ ಸಾಲಾಗಿ ಬದಲಿಸಿಟ್ಟರೂ) ಅಷ್ಟೇ: ಯಾರದೋ ಇಮೇಲ್ ಗೊತ್ತಿರುವವರು ಅದನ್ನೇ ಹ್ಯಾಶ್ ಮಾಡಿ ಹೋಲಿಸಿದರೆ ಆಳು ಸಿಕ್ಕಂತೆ. ಇವೆರಡಕ್ಕೂ ‘ಗುರುತು ಮರೆಮಾಡಿದ’ ಎನ್ನಿ. ‘ಗುರುತು ಅಳಿಸಿದ’ ಎಂಬುದನ್ನು ಮತ್ತೆ ಪತ್ತೆಮಾಡಲು ಬರದ ಮಾಹಿತಿಗೆ ಮೀಸಲಿಡಿ.

ಕುಕಿ (ಜಾಲತಾಣವು ಬ್ರೌಸರಿನಲ್ಲಿ ಇಡುವ ಚಿಕ್ಕ ಮಾಹಿತಿ ತುಣುಕು) ಕನ್ನಡದಲ್ಲೂ ಕುಕಿಯಾಗಿಯೇ ಇರಲಿ. ಆದರೆ ‘ಕುಕಿಗಳನ್ನು ಹೊಂದಿಸುತ್ತೇವೆ’ ಬೇಡ. ‘ನಿಮ್ಮ ಬ್ರೌಸರಿನಲ್ಲಿ ಕುಕಿ ಇಡುತ್ತೇವೆ’ ಎಂದರೆ ಯಾರ ಸಾಧನದಲ್ಲಿ ಏನು ಕೂರುತ್ತದೆಂದು ಗೊತ್ತಾಗುತ್ತದೆ.

‘ಸಮ್ಮತಿ’, ‘ಒಪ್ಪಿಗೆ’ ಎರಡೂ ನಡೆಯುತ್ತವೆ. ಗುಂಡಿಯ ಮೇಲೆ ‘ಒಪ್ಪುತ್ತೇನೆ’, ಪಕ್ಕದಲ್ಲಿ ಅದೇ ಗಾತ್ರದಲ್ಲಿ ‘ಬೇಡ’ ಇರಲಿ. ‘ನಂತರ ನೋಡೋಣ’ ಎಂಬುದು ‘ಬೇಡ’ಕ್ಕೆ ಸಮವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳುವಂತಿರಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲೋ ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಲ್ಲಿ ಒಂದರಲ್ಲೋ ಓದುವ ಆಯ್ಕೆಯೂ ಅದರಲ್ಲಿದೆ. ಕನ್ನಡ ಆ ಪಟ್ಟಿಯಲ್ಲಿರುವುದರಿಂದ ಈ ಪದಗಳನ್ನು ಈಗಲೇ ನೇರ್ಪಡಿಸಿಕೊಳ್ಳಬೇಕು.