ಸಹಾಯ ಬೇಕು: ಬಯಲಾಟದ ಫೋಟೋದಲ್ಲಿ ಕೆಂಪು ಮುದ್ದೆಯಾಗಿದೆ

ನಮಸ್ಕಾರ. ಕಳೆದ ವಾರ ಕುಂಬಳೆ ಹತ್ತಿರ ನೆಂಟರ ಮನೆಯ ಹರಕೆ ಯಕ್ಷಗಾನ ಆಟದಲ್ಲಿ ಫೋಟೋ ತೆಗೆದೆ. ರಂಗಸ್ಥಳಕ್ಕೆ ಎಲ್‌ಇಡಿ ಲೈಟು ಹಾಕಿದ್ದರು. ವೇಷಧಾರಿಯ ಮುಖ, ಕಿರೀಟ ಚೆನ್ನಾಗಿ ಬಂದಿವೆ. ಆದರೆ ಕೆಂಪು ದಗಲೆಯಲ್ಲಿ (ವೇಷದ ಅಂಗಿ) ಒಂದು ಮಡಿಕೆಯೂ ಕಾಣುವುದಿಲ್ಲ, ಕುಂಕುಮ ಚೆಲ್ಲಿದ ಹಾಗಿದೆ. ಬೆಳಕಿನ ಮಟ್ಟ ತೋರಿಸುವ ಹಿಸ್ಟೋಗ್ರಾಮ್‌ನಲ್ಲಿ ಕೆಂಪು ಗೆರೆ ಬಲಗಡೆ ಗೋಡೆಗೆ ಅಂಟಿಕೊಂಡಿದೆ, ಅಂದರೆ ಕೆಂಪು ಮಿತಿ ಮುಟ್ಟಿದೆ. ತೆಗೆದದ್ದು ಬರೀ ಜೆಪೆಗ್, ಕ್ಯಾಮೆರಾದ ಪೂರ್ತಿ ಮಾಹಿತಿ ಇರುವ ರಾ ಫೈಲ್ ಇಲ್ಲ (ಗೊತ್ತು, ಬೈಯಬೇಡಿ).

ಎಕ್ಸ್‌ಪೋಶರ್ ಇಳಿಸಿದೆ. ಮುಖ ಕಪ್ಪಾಯಿತು, ಮುದ್ದೆ ಮುದ್ದೆಯಾಗಿಯೇ ಉಳಿಯಿತು. ಕೆಂಪಿನ ಸ್ಯಾಚುರೇಶನ್ (ಗಾಢತೆ) ಕಮ್ಮಿ ಮಾಡಿದರೆ ದಗಲೆ ಹಂಚಿನ ಬಣ್ಣಕ್ಕೆ ತಿರುಗಿತು, ತುಟಿಯೂ ಬಿಳಿಚಿಕೊಂಡಿತು. ಆಮೇಲೆ ಫೋಟೋ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ ಸುಮ್ನೆ ಹಸಿರು ಚಾನೆಲ್ (ಚಿತ್ರದ ಹಸಿರು ಬಣ್ಣದ ಪಾಲು) ಒಂದನ್ನೇ ತೆರೆದು ನೋಡಿದೆ. ಆಶ್ಚರ್ಯ! ಮಡಿಕೆ, ಹೊಲಿಗೆ ಎಲ್ಲ ಅಲ್ಲಿವೆ!

ಅದನ್ನೇ ಕಪ್ಪು ಬಿಳುಪು ಲೇಯರ್ ಮಾಡಿ, ಬಣ್ಣ ಬಿಟ್ಟು ಬೆಳಕನ್ನಷ್ಟೇ ಬದಲಿಸುವ ಲ್ಯೂಮಿನನ್ಸ್ ಮೋಡ್‌ನಲ್ಲಿ ಮೇಲೆ ಹಾಕಿ, ಅದು ದಗಲೆಗೆ ಮಾತ್ರ ತಾಗುವಂತೆ ಮಾಸ್ಕ್ ಬಿಡಿಸಿದೆ. ಮಡಿಕೆ ಬಂತು. ಆದರೆ ಬಟ್ಟೆ ತುಂಬಾ ಕಪ್ಪಾಯಿತು, ಮಣಿಸರದ ಸುತ್ತ ಬೂದು ಅಂಚು ಬೇರೆ. ಲೇಯರಿನ ಒಪಾಸಿಟಿ (ದಟ್ಟತೆ) ಇಳಿಸಿದರೆ ಮಡಿಕೆಯೂ ಮಾಯ.

ಹಸಿರು ಲೇಯರನ್ನು ಮೊದಲು ಕರ್ವ್ಸ್‌ನಲ್ಲಿ ಬೆಳಗಿಸಿ ಆಮೇಲೆ ಸೇರಿಸಬೇಕಾ, ಇಲ್ಲ ಚಾನೆಲ್ ಮಿಕ್ಸರೇ ಸರಿಯಾದ ದಾರಿಯಾ? ಮಣಿಗಳ ಹತ್ತಿರ ಮಾಸ್ಕ್ ಅಂಚನ್ನು ಎಷ್ಟು ಮೆತ್ತಗೆ ಮಾಡುತ್ತೀರಿ?