ಹಲಸಿನ ಮರದ ಭರಣಿಗೆ ಎಣ್ಣೆ ಪಾಲಿಶ್: ಮ್ಯಾಟ್, ಸ್ಯಾಟಿನ್, ಗ್ಲಾಸಿ, ಯಾವುದು ಹಚ್ಚಲಿ?

ಗುಬ್ಬಿ ಲೇಥ್:
ಎಲ್ಲರಿಗೂ ನಮಸ್ಕಾರ. ನಮ್ಮದು ಗುಬ್ಬಿ ಹತ್ತಿರ ಒಂದು ಹಳ್ಳಿ. ತೋಟದ ಬದುವಿನಲ್ಲಿದ್ದ ಹಳೇ ಹಲಸಿನ ಮರ ಗಾಳಿಗೆ ಉರುಳಿತು. ಕೊಯ್ಸಿ, ನೆರಳಲ್ಲಿ ಚೆನ್ನಾಗಿ ಒಣಗಿಸಿ, ಈಗ ಲೇಥ್‌ನಲ್ಲಿ (ಮರ ತಿರುಗಿಸಿ ಕಡೆಯುವ ಯಂತ್ರ) ಮುಚ್ಚಳದ ಭರಣಿ ಕಡೆಯುತ್ತಿದ್ದೇನೆ. ಅಂಗೈ ಮೇಲೆ ಕೂರುವಷ್ಟು ಸಣ್ಣವು. ಕುಂಕುಮ, ಅರಿಶಿನ, ಓಲೆ ಇಡೋಕೆ. ಮುಚ್ಚಳದ ಹಿಡಿಗೆ ಹುಣಸೆ ಮರದ ಕಪ್ಪು ತಿರುಳು ಹಾಕಿದ್ದೇನೆ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಯಲ್ಲಿ ಇಟ್ಟು ಮಾರಬೇಕು ಅಂತ ಆಸೆ.

ಒಂದೇ ಹಲಸಿನ ತುಂಡಿನ ಮೇಲೆ ಮ್ಯಾಟ್ (ಹೊಳಪಿಲ್ಲದ್ದು), ಸ್ಯಾಟಿನ್ (ಅರೆ ಹೊಳಪು), ಗ್ಲಾಸಿ (ಪೂರ್ತಿ ಹೊಳಪು) ಮೂರನ್ನೂ ಪಕ್ಕಪಕ್ಕ ಹಚ್ಚಿ ನೋಡಿದೆ. ಗ್ಲಾಸಿಯಲ್ಲಿ ಮರದ ಹಳದಿ ಜೇನುತುಪ್ಪದ ಬಣ್ಣಕ್ಕೆ ತಿರುಗಿತು, ನೋಡೋಕೆ ಬಲು ಚೆಂದ. ಆದರೆ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ಸ್ಯಾಂಡ್ ಪೇಪರಿನ ಸುತ್ತುಗೆರೆ ಎಲ್ಲಾ ಎದ್ದು ಕಾಣುತ್ತೆ. ಮುಚ್ಚಳದ ನೆತ್ತಿಯಲ್ಲಂತೂ ಅಲ್ಲಲ್ಲಿ ಮಂಕು, ಅಲ್ಲಲ್ಲಿ ಹೊಳಪು. ಮ್ಯಾಟ್ ಕೈಗೆ ಹಿತವಾಗಿದೆ, ಮರ ಮುಟ್ಟಿದ ಹಾಗೇ ಇರುತ್ತೆ. ಆದರೆ ಹುಣಸೆ ತಿರುಳಿನ ಮೇಲೆ ಹಚ್ಚಿದರೆ ಬೂದಿ ಬಣ್ಣಕ್ಕೆ ಬರುತ್ತೆ. ಅಮ್ಮ ಹೇಳೋದು, ದೇವರ ಮುಂದೆ ಇಡೋದು ಹೊಳೆಯಲೇಬೇಕು ಅಂತ. ಅವರ ಮಾತನ್ನೂ ತೆಗೆದುಹಾಕೋಕೆ ಆಗಲ್ಲ. ಕಡೆದು ಗೊತ್ತಿರೋರು ಹೇಳಿ.

ಕೋಲಾರ ಫರ್ನಿಚರ್:
ಗ್ಲಾಸಿ ಹಾಕಿ ಅಣ್ಣಾ. ಜಾತ್ರೆಯಲ್ಲಿ ಸಂಜೆ ಲೈಟಿನ ಕೆಳಗೆ ಹೊಳೆಯೋದೇ ಮೊದಲು ಕಣ್ಣಿಗೆ ಬೀಳೋದು. ಚನ್ನಪಟ್ಟಣದ ಗೊಂಬೆ ನೋಡಿ, ಆ ಹೊಳಪಿಗೇ ಅಲ್ವಾ ಜನ ನಿಲ್ಲೋದು? ದುಡ್ಡು ಉಳಿಸಬೇಕು ಅಂದರೆ ಕೊಬ್ಬರಿ ಎಣ್ಣೆ ಉಜ್ಜಿದರೂ ಮಿಂಚುತ್ತೆ.

ಚಿಕ್ಕಬಳ್ಳಾಪುರದ ಬಡಗಿ:
ಕೊಬ್ಬರಿ ಎಣ್ಣೆ ಮಾತ್ರ ಬೇಡ. ಅದು ಒಣಗುವ ಎಣ್ಣೆಯೇ ಅಲ್ಲ. ಹೊಂಗೆ ಎಣ್ಣೆಯೂ ಅಷ್ಟೆ, ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತೆ, ಕಮಟು ವಾಸನೆ ಬರುತ್ತೆ. ಅಗಸೆ ಎಣ್ಣೆ, ಟಂಗ್ ಎಣ್ಣೆ (ಟಂಗ್ ಮರದ ಬೀಜದ ಎಣ್ಣೆ) ಗಾಳಿ ಹೀರಿಕೊಂಡು ಗಟ್ಟಿಯಾಗುತ್ತವೆ. ಆ ಜಾತಿಯದ್ದೇ ಬೇಕು.

ಚನ್ನಪಟ್ಟಣದ ಹೊಳಪು ಎಣ್ಣೆಯದ್ದಲ್ಲ, ಅರಗಿನದ್ದು. ಲೇಥ್ ಮೇಲೆ ತಿರುಗುತ್ತಿರುವ ಆಲೆ ಮರಕ್ಕೆ (ಗೊಂಬೆ ಮಾಡುವ ಬಿಳಿ ಮರ) ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತೆ, ಮೇಲೆ ಒಣಗಿದ ಕೇದಗೆ ಗರಿ ಹಿಡಿದು ಹೊಳಪು ತರುತ್ತಾರೆ. ಅಲ್ಲಿ ಮರ ಕಾಣೋದೇ ಇಲ್ಲ, ಬಣ್ಣ ಕಾಣುತ್ತೆ. ಗುಬ್ಬಿಯವರಿಗೆ ಬೇಕಿರೋದು ಹಲಸಿನ ನಾರು ಕಾಣೋದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ನನ್ನ ಮಾತು ಕೇಳಿದರೆ ಸ್ಯಾಟಿನ್ ಹಚ್ಚಿ. ಹೊಳಪು ಡಬ್ಬಿಯಿಂದ ಬರೋದು ಸ್ವಲ್ಪ, ಕೆಳಗಿನ ಮರ ಎಷ್ಟು ನುಣುಪಾಗಿದೆ ಅನ್ನೋದರಿಂದ ಬರೋದು ಜಾಸ್ತಿ. ಸ್ಯಾಂಡ್ ಪೇಪರ್ 180, 240, 320, 400 ನಂಬರು ಅಂತ ಒಂದನ್ನೂ ಬಿಡದೆ ಉಜ್ಜಿ. ಪ್ರತಿ ನಂಬರಿಗೂ ಲೇಥ್ ನಿಲ್ಲಿಸಿ, ನಾರಿನ ಉದ್ದಕ್ಕೆ ಕೈಯಲ್ಲೇ ಒಂದು ಸಲ ಎಳೆಯಿರಿ. ಸುತ್ತುಗೆರೆ ಹೋಗೋದೇ ಅದರಿಂದ. ಮುಚ್ಚಳದ ನೆತ್ತಿಯಲ್ಲಿ ನಾರಿನ ತುದಿಗಳಿರುತ್ತವೆ, ಅಲ್ಲಿ ಎಣ್ಣೆ ಒಳಗೆ ಇಳಿದುಹೋಗುತ್ತೆ. ಮಂಕು ಮಂಕಾಗಿ ಕಂಡಿದ್ದು ಅದಕ್ಕೇ. ನೆತ್ತಿಗೆ ಇನ್ನೊಂದು ಕೈ ತೆಳ್ಳಗೆ ಹಚ್ಚಿ. ಪ್ರತಿ ಸಲವೂ ಹತ್ತು ಹದಿನೈದು ನಿಮಿಷ ಬಿಟ್ಟು, ಮೇಲೆ ನಿಂತ ಎಣ್ಣೆ ಪೂರ್ತಿ ಒರೆಸಿ. ಮುಂದಿನ ಕೈಗೆ ಒಂದು ದಿನ ಬಿಡಿ.

ಹುಣಸೆ ತಿರುಳು ಬೂದಿಯಾಗೋಕೆ ಕಾರಣ ಇದೆ. ಮ್ಯಾಟ್ ಡಬ್ಬಿಯಲ್ಲಿ ನುಣ್ಣನೆ ಪುಡಿ ಬೆರೆಸಿರುತ್ತಾರೆ, ಅದು ಬೆಳಕನ್ನು ಚೆದುರಿಸುತ್ತೆ. ತಿಳಿ ಬಣ್ಣದ ಮರದ ಮೇಲೆ ಗೊತ್ತಾಗಲ್ಲ, ಕಪ್ಪು ಮರದ ಮೇಲೆ ತೆರೆ ಎಳೆದಂತೆ ಕಾಣುತ್ತೆ. ಹಿಡಿಯನ್ನು ಬೇರೆಯಾಗಿ ಕಡೆದು, ಅದಕ್ಕೆ ಮಾತ್ರ ಗ್ಲಾಸಿ ಹಚ್ಚಿ ಆಮೇಲೆ ಕೂರಿಸಿ. ಅಮ್ಮನಿಗೆ ಬೇಕಾದ ಹೊಳಪು ಆ ಕಪ್ಪು ಹಿಡಿಯಲ್ಲೇ ಸಿಗುತ್ತೆ. ಸ್ಯಾಟಿನ್ ಡಬ್ಬಿಯಲ್ಲೂ ಪುಡಿ ತಳದಲ್ಲಿ ಕೂರುತ್ತೆ, ಹಚ್ಚೋ ಮುಂಚೆ ಕಡ್ಡಿಯಿಂದ ಚೆನ್ನಾಗಿ ಕಲಕಿ.

ಇನ್ನೊಂದು, ಹಲಸು ಬೆಳಕಿಗೆ ಬರಬರುತ್ತಾ ಕಂದು ಬಣ್ಣಕ್ಕೆ ತಿರುಗುತ್ತೆ. ಗಿರಾಕಿಗೆ ಮೊದಲೇ ಹೇಳಿಬಿಡಿ.

ಗುಬ್ಬಿ ಲೇಥ್:
ಹಿಡಿ ಬೇರೆ, ಭರಣಿ ಬೇರೆ ಹಚ್ಚೋದು ನನಗೆ ಹೊಳೆದೇ ಇರಲಿಲ್ಲ ಸಾರ್, ತುಂಬಾ ಉಪಕಾರ ಆಯಿತು. ಭರಣಿಯ ಒಳಗೂ ಇದೇ ಎಣ್ಣೆ ಹಚ್ಚಬಹುದಾ?

ಶಿರಾ ಅಕ್ಕ:
ಒಳಗೆ ಎಣ್ಣೆ ಬೇಡಪ್ಪಾ. ನಾನು ದಿನಾ ಕುಂಕುಮದ ಭರಣಿ ಬಳಸೋಳು, ಅದಕ್ಕೇ ಹೇಳ್ತೀನಿ. ಮುಚ್ಚಳ ಹಾಕಿಟ್ಟರೆ ಒಳಗೆ ಗಾಳಿ ಆಡಲ್ಲ, ಎಣ್ಣೆ ಒಣಗೋದು ತಡ, ವಾಸನೆ ಅಲ್ಲೇ ನಿಲ್ಲುತ್ತೆ. ಕುಂಕುಮ ಗೋಡೆಗೆ ಕಚ್ಚಿಕೊಂಡು ಗಂಟಾಗುತ್ತೆ. ಆಮೇಲೆ ಬೆರಳು ಹಾಕಿದರೆ ಪುಡಿ ಬರಲ್ಲ, ಉಂಡೆ ಬರುತ್ತೆ. ಹೊರಗೆ ಪೂರ್ತಿ ಗ್ಲಾಸಿ ಇದ್ದರೂ ಕಷ್ಟ, ಕುಂಕುಮದ ಬೆರಳಚ್ಚು ಎದ್ದು ಕಾಣುತ್ತೆ.

ಚಿಕ್ಕಬಳ್ಳಾಪುರದ ಬಡಗಿ:
ಅಕ್ಕ ಹೇಳಿದ್ದು ಸರಿ. ಒಳಗೆ ಅರಗಿನ ಸ್ಪಿರಿಟ್ ಪಾಲಿಶ್ ತೆಳ್ಳಗೆ ಎರಡು ಕೈ ಸಾಕು, ಬೇಗ ಒಣಗುತ್ತೆ, ಸ್ಪಿರಿಟ್ ಹಾರಿದ ಮೇಲೆ ವಾಸನೆಯೂ ಉಳಿಯಲ್ಲ. ಮುಚ್ಚಳ ಕೂರುವ ಬಾಯಿಗೆ ಎಣ್ಣೆ ತಾಕಿಸಬೇಡಿ, ಬಿಗಿಯಾಗಿ ಹಿಡಿದುಕೊಳ್ಳುತ್ತೆ. ಅಲ್ಲಿ ಜೇನುಮೇಣ ಸವರಿದರೆ ಸಾಕು. ಹೊರಗಿನ ಎಣ್ಣೆ ಗಟ್ಟಿಯಾಗೋವರೆಗೂ ಮುಚ್ಚಳ ತೆಗೆದೇ ಇಡಿ. ಜಾತ್ರೆಗೆ ಒಂದು ತಿಂಗಳು ಮೊದಲೇ ಹಚ್ಚೋದು ಮುಗಿಸಿಬಿಡಿ.

ಎಣ್ಣೆ ಒರೆಸಿದ ಬಟ್ಟೆಯನ್ನು ಯಾವ ಕಾರಣಕ್ಕೂ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ಬಟ್ಟೆ ತಾನಾಗೇ ಹೊತ್ತಿಕೊಳ್ಳುತ್ತೆ. ಲೇಥ್ ಕೆಳಗೆ ಮರದ ಹೊಟ್ಟು ಬೇರೆ ಇರುತ್ತೆ. ಬಟ್ಟೆಯನ್ನು ನೀರಲ್ಲಿ ನೆನೆಸಿ, ಅಂಗಳದಲ್ಲಿ ಒಂದೇ ಪದರವಾಗಿ ಹರಡಿ. ಗಟ್ಟಿಯಾಗಿ ಒಣಗಿದ ಮೇಲೆ ಎಸೆಯಿರಿ.