ಅಪ್‌ಡೇಟ್: "ಚಿತ್ರ ಸರಿ, ಮಾತು ಜಾಸ್ತಿ" ಅನ್ನಿಸಿಕೊಂಡ ಮಕ್ಕಳ ಪುಸ್ತಕ

ಎರಡು ತಿಂಗಳ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ: ಕಥೆಯೂ ಚಿತ್ರವೂ ನನ್ನದೇ ಆದ 32 ಪುಟದ ಪುಸ್ತಕ ನೋಡಿ ಸಂಪಾದಕರು "ಚಿತ್ರ ಚೆನ್ನಾಗಿದೆ, ಮಾತು ಜಾಸ್ತಿ, ಬಣ್ಣ ಮಂಕು" ಅಂದಿದ್ದಾರೆ, ಏನು ಮಾಡಲಿ ಅಂತ. ತುಂಬಾ ನೊಂದಿದ್ದೆ. ಬರೆದವಳೂ ನಾನೇ, ಬಿಡಿಸಿದವಳೂ ನಾನೇ. ಯಾವ ಪೆಟ್ಟೂ ಬೇರೆಯವರಿಗೆ ಹೋಗುವುದಿಲ್ಲ.

ನೀವು ಹೇಳಿದಂತೆ ಒಂದು ವಾರ ಸಂಪಾದಕರಿಗೆ ಉತ್ತರ ಬರೆಯಲಿಲ್ಲ. ಆಮೇಲೆ ಹಾಳೆ ಮಡಚಿ, ಹೊಲಿದು, ಬರಹವೇ ಇಲ್ಲದ ಡಮ್ಮಿ (ಪುಸ್ತಕದ ಮಾದರಿ ಪ್ರತಿ) ಮಾಡಿ ಅಕ್ಕನ ಮಗಳ ಕೈಗೆ ಕೊಟ್ಟೆ. ಆರು ವರ್ಷದವಳು. ಪುಟ ತಿರುಗಿಸುತ್ತಾ ಕಥೆ ತಾನೇ ಹೇಳಿದಳು! "ಮಳೆ ಸುರಿಯಿತು, ಅಜ್ಜಿ ಕೊಡೆ ಬಿಚ್ಚಿದಳು" ಅಂತ ನಾನು ಬರೆದಿದ್ದೆ. ಮಳೆಯೂ ಕೊಡೆಯೂ ಚಿತ್ರದಲ್ಲೇ ಇದ್ದವು. ಅವಳು ತಡವರಿಸಿದ್ದು ಒಂದೇ ಕಡೆ, ಅಜ್ಜಿ ಅರ್ಧ ದಾರಿಯಿಂದ ಯಾಕೆ ವಾಪಸ್ ಬಂದಳು ಅನ್ನುವಲ್ಲಿ. ಮಾತು ಬೇಕಿದ್ದ ಆ ಜಾಗದಲ್ಲೇ ನಾನು ಏನೂ ಬರೆದಿರಲಿಲ್ಲ.

ಸಂಪಾದಕರು ಹೇಳಿದ್ದು ನಿಜ. 900 ಪದ ಈಗ 340 ಆಗಿದೆ. ಕೆಲವು ಸಾಲು ಹೊಡೆದುಹಾಕುವಾಗ ಕಣ್ಣು ತುಂಬಿತು, ಆ ಮಾತು ಬೇರೆ.

ಬಣ್ಣದ ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ. ಮಲೆನಾಡಿನ ಆಷಾಢದ ಬೆಳಕು ಬೂದಿ ಬಣ್ಣದ್ದೇ. ಕೊನೆಯಲ್ಲಿ ಬಿಸಿಲು ಬರುವ ಪುಟಕ್ಕೆ ಹಳದಿ ಉಳಿಸಿಕೊಂಡಿದ್ದೇನೆ ಅಂತ ವಿವರಿಸಿ ಬರೆದೆ. ಒಪ್ಪಿದರು.

ಡಮ್ಮಿ ಹೊಲಿದಾಗ ಇನ್ನೊಂದು ತಪ್ಪು ಸಿಕ್ಕಿತು. 14-15ನೇ ಪುಟದಲ್ಲಿ ಅಜ್ಜಿಯ ಮುಖ ಎರಡು ಪುಟ ಸೇರುವ ನಡುವಿನ ಮಡಿಕೆಯೊಳಗೇ ಹೋಗಿದೆ. ಇದನ್ನು ಯಾರೂ ಹೇಳಿರಲಿಲ್ಲ. ಈ ವಾರ ಅದನ್ನು ಮತ್ತೆ ಬಿಡಿಸುತ್ತಿದ್ದೇನೆ.